ಕಾಫಿ ತೋಟಕ್ಕೆ ಬಂದ ಹಡಗಿನ ನಕ್ಷೆ

ಮಡಿಕೇರಿಯಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ಆದರೂ ಕೊಡಗಿನವರು ಯಾರೂ ತಮ್ಮನ್ನು ಕಡಲಿನವರು ಅಂದುಕೊಳ್ಳುವುದಿಲ್ಲ. ಕಡಲು ಘಟ್ಟದ ಕೆಳಗಿನವರದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಹೆಂಚಿನ ಮೇಲೆ ಸುರಿಯುವ ನೀರೆಲ್ಲ ಅಲ್ಲಿಂದಲೇ ಎದ್ದು ಬಂದದ್ದು ಎಂದು ಶಾಲೆಯಲ್ಲಿ ಓದಿದ್ದೇವೆ, ಅಷ್ಟೆ. ಮಳೆಯ ಮಾತು ಬಂದರೆ ನಾವು ನೋಡುವುದು ಬ್ರಹ್ಮಗಿರಿ ಕಡೆಯ ಮೋಡವನ್ನು, ಕೇಳುವುದು ಆರಿದ್ರಾ ಹೇಗಿತ್ತು, ಪುನರ್ವಸು ಹೇಗಿದ್ದೀತು ಎಂದು. ನಾಪೋಕ್ಲು ಕಡೆಯ ನಮ್ಮ ತೋಟದ ಮನೆಯಲ್ಲಿ ಕೂತು, ಹಡಗಿನವರಿಗೆಂದು ರೇಡಿಯೊದಲ್ಲಿ ಕಳಿಸುವ ಹವಾಮಾನ ನಕ್ಷೆಗಳನ್ನು ಹಿಡಿಯುವ ಹುಚ್ಚು ನನಗೆ ಹತ್ತಿದ್ದು 2018ರ ಮಳೆಗಾಲ ಕಳೆದ ಮೇಲೆ.

ಆ ವರ್ಷದ ಆಗಸ್ಟ್ ಏನು ಮಾಡಿತು ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹೆಬ್ಬಟ್ಟಗೇರಿ, ಮದೆನಾಡು, ಜೋಡುಪಾಲ, ಒಂದೊಂದು ಹೆಸರಿನ ಹಿಂದೆಯೂ ಜಾರಿದ ಗುಡ್ಡವಿದೆ. ನಮ್ಮ ಕಡೆ ಗುಡ್ಡ ಜಾರಲಿಲ್ಲ. ಆದರೆ ಕರೆಂಟು ಹೋಯಿತು, ಆಮೇಲೆ ಟವರಿನ ಬ್ಯಾಟರಿ ಮುಗಿದು ಫೋನೂ ಹೋಯಿತು. ಗೋಡೆಯಾಚೆ ಮಳೆ ಹೊಡೆಯುತ್ತಿದೆ, ಇನ್ನೂ ಎಷ್ಟು ದಿನ ಹೊಡೆಯುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಅಮ್ಮ ಮಾತ್ರ ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ಕೊಡೆ ಹಿಡಿದು ಹೋಗಿ ಮಳೆಮಾಪಕದ ನೀರು ಅಳೆದು, ಇಂಚು ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು. ಸುರಿದು ಮುಗಿದದ್ದರ ಲೆಕ್ಕ ನಮ್ಮಲ್ಲಿ ತಲೆಮಾರುಗಳಿಂದ ಪಕ್ಕಾ ಇದೆ. ಬರುವುದರ ಲೆಕ್ಕ ಇಂಟರ್ನೆಟ್ಟಿನದ್ದು, ಅದು ಹೋದರೆ ಮುಗಿಯಿತು.

ಮಳೆ ನಿಂತ ಮೇಲೆ ಅಕ್ಕ, ಭಾವ ನೋಡಿಕೊಂಡು ಹೋಗಲು ಬಂದರು. ಭಾವ ಸರಕು ಹಡಗಿನಲ್ಲಿ ರೇಡಿಯೊ ಆಫೀಸರ್ ಆಗಿದ್ದವರು. 1999ರ ಫೆಬ್ರವರಿಯಲ್ಲಿ ಹಡಗುಗಳ ಹೊಸ ಉಪಗ್ರಹ ಸಂಪರ್ಕ ವ್ಯವಸ್ಥೆ ಪೂರ್ತಿ ಜಾರಿಗೆ ಬಂದು, ಮೋರ್ಸ್ ಬಲ್ಲ ರೇಡಿಯೊ ಆಫೀಸರ್ ಹಡಗಿನಲ್ಲಿ ಇರಲೇಬೇಕು ಎಂಬ ನಿಯಮ ಇಲ್ಲವಾಯಿತು. ಭಾವನ ಕೆಲಸವೂ ಅದರ ಜೊತೆಗೇ ಹೋಯಿತು. ನಾನು ಫೋನು ಸತ್ತ ಕಥೆ ಹೇಳಿದ್ದಕ್ಕೆ ಅವರು, "ನಡುಗಡಲಿನಲ್ಲಿ ನಮಗೆ ಯಾವ ಟವರಿತ್ತು? ನಕ್ಷೆ ರೇಡಿಯೊದಲ್ಲೇ ಬರ್ತಿತ್ತಲ್ಲ. ಈಗಲೂ ಬರುತ್ತೆ" ಅಂದರು. ನಂಬಲಿಲ್ಲ. ಆಗಲೇ ಶುರುವಾದದ್ದು.

ಇದಕ್ಕೆ ಹಡಗಿನವರು ವೆದರ್ ಫ್ಯಾಕ್ಸ್ ಅನ್ನುತ್ತಾರೆ. ಹವಾಮಾನ ಇಲಾಖೆಯವರು ಬರೆದ ನಕ್ಷೆಯನ್ನು ಯಂತ್ರ ಎಡದಿಂದ ಬಲಕ್ಕೆ ಒಂದೊಂದೇ ಗೆರೆಯಾಗಿ ಓದುತ್ತದೆ. ಗೆರೆಯ ಮೇಲೆ ಕಪ್ಪು ಸಿಕ್ಕರೆ ಒಂದು ಸ್ವರ, ಬಿಳಿ ಸಿಕ್ಕರೆ ಇನ್ನೊಂದು. ಕಪ್ಪು 1500 ಹರ್ಟ್ಸ್, ಬಿಳಿ 2300 ಹರ್ಟ್ಸ್. ಆ ಸ್ವರ ಶಾರ್ಟ್‌ವೇವ್ ಅಲೆಯ ಮೇಲೆ ಹೊರಡುತ್ತದೆ, ಹಿಡಿದವನ ಯಂತ್ರ ಸ್ವರವನ್ನು ಮತ್ತೆ ಕಪ್ಪು ಬಿಳುಪಾಗಿಸುತ್ತದೆ. ನಿಮಿಷಕ್ಕೆ 120 ಗೆರೆ, ಅಂದರೆ ಗೆರೆಗೆ ಅರ್ಧ ಸೆಕೆಂಡು. ಒಂದು ನಕ್ಷೆ ಪೂರ್ತಿ ಇಳಿಯಲು ಹತ್ತು ನಿಮಿಷವಾದರೂ ಬೇಕು. ಚಿತ್ರವನ್ನು ಗೆರೆಗೆರೆಯಾಗಿ ತಂತಿಯ ಮೇಲೆ ಕಳಿಸುವ ಈ ಉಪಾಯಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1843ರಲ್ಲೇ ಪೇಟೆಂಟ್ ಪಡೆದಿದ್ದ. ಟೆಲಿಫೋನ್ ಹುಟ್ಟುವುದಕ್ಕೂ ಮೂವತ್ತು ವರ್ಷ ಮೊದಲು.

ಭಾವನ ಕಾಲದ ಹಡಗಿನಲ್ಲಿ ಇದಕ್ಕೆಂದೇ ಒಂದು ಪೆಟ್ಟಿಗೆ ಇರುತ್ತಿತ್ತಂತೆ, ಶಾಖಕ್ಕೆ ಕಪ್ಪಾಗುವ ಕಾಗದದ ಸುರುಳಿಯ ಮೇಲೆ ನಕ್ಷೆ ತಾನಾಗಿ ಮೂಡಿ ಹೊರಗೆ ನೇತಾಡುತ್ತಿತ್ತಂತೆ. ಈಗ ಚಿಕ್ಕ ಹಾಯಿದೋಣಿಯವರು ಆ ಪೆಟ್ಟಿಗೆ ಕೊಳ್ಳುವುದಿಲ್ಲ. ಶಾರ್ಟ್‌ವೇವ್ ರೇಡಿಯೊದ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಒಂದು ತಂತಿ ಹಾಕುತ್ತಾರೆ, ಉಳಿದದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ನಮ್ಮದೂ ಅದೇ ಏರ್ಪಾಡು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಶಾರ್ಟ್‌ವೇವ್ ರೇಡಿಯೊ ಸಾಲದು, ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಬಗೆಯ ಪ್ರಸಾರ ಹಿಡಿಯುವಂಥದ್ದು ಬೇಕು. ನಾನು ಟೆಕ್ಸನ್ ಪಿಎಲ್-660 ತರಿಸಿದೆ. ಸಾಫ್ಟ್‌ವೇರ್ ಎಫ್‌ಎಲ್‌ಡಿಜಿ, ಪುಕ್ಕಟೆ. ಹವ್ಯಾಸಿ ರೇಡಿಯೊದವರು ಹತ್ತಾರು ಬಗೆಯ ಸಂಕೇತಗಳಿಗೆ ಬಳಸುವ ಅದರಲ್ಲಿ ಫ್ಯಾಕ್ಸ್‌ಗೂ ಒಂದು ಆಯ್ಕೆ ಇದೆ.

ದುಡ್ಡು ಖರ್ಚಾದದ್ದು ಇಷ್ಟಕ್ಕೇ. ಹೊತ್ತು ಹೋದದ್ದು ಆಂಟೆನಾಕ್ಕೆ.

ತೋಟದವರಿಗೆ ಮರಕ್ಕೆ ಬರವಿಲ್ಲ. ಮನೆ ಹಿಂದಿನ ಎರಡು ಸಿಲ್ವರ್ ಓಕ್ ಮರಗಳ ನಡುವೆ ಅರುವತ್ತು ಅಡಿ ತಾಮ್ರದ ತಂತಿ ಕಟ್ಟುವುದೆಂದಾಯಿತು. ಎರಡಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿತ್ತು. ಮೆಣಸು ಕುಯ್ಯಲು ಬರುವ ಹುಡುಗ ಒಂಟಿ ಬಿದಿರಿನ ಏಣಿ ಒರಗಿಸಿಕೊಂಡು ಸರಸರ ಹತ್ತಿದವನು, ಮೇಲಿನಿಂದ, "ಇದು ಯಾವ ಚಾನಲ್ಲಿಗೆ?" ಎಂದು ಕೇಳಿದ. ಹಡಗಿನ ಚಾನಲ್ಲು ಅಂದೆ. ಇಳಿದು ಬಂದ ಮೇಲೂ ನನ್ನ ಮುಖವನ್ನೊಮ್ಮೆ ನೋಡಿದ. ತಂತಿಯನ್ನು ನೇರವಾಗಿ ಮರಕ್ಕೆ ಕಟ್ಟಬಾರದು, ನೈಲಾನ್ ಹಗ್ಗದ ತುದಿಗೆ ಪ್ಲಾಸ್ಟಿಕ್ಕಿನ ತುಂಡು ಸಿಕ್ಕಿಸಿ ಅದಕ್ಕೆ ಕಟ್ಟಬೇಕು. ಗಾಳಿಗೆ ಮರ ಓಲಾಡುವಾಗ ಹರಿಯದ ಹಾಗೆ ಸ್ವಲ್ಪ ಸಡಿಲವೂ ಇರಬೇಕು. ಆಷಾಢದ ಗಾಳಿಯಲ್ಲಿ ಸಿಲ್ವರ್ ಓಕ್ ಎಷ್ಟು ಬಾಗುತ್ತದೆ ಎಂದು ನೋಡಿದವರಿಗೆ ಇದು ಗೊತ್ತು.

ಹಾಯಿದೋಣಿಯಲ್ಲಿ ಈ ರಗಳೆಯೇ ಇಲ್ಲವಂತೆ. ಪಟಸ್ತಂಭವನ್ನು ಹಿಂದಕ್ಕೆ ಬಿಗಿದಿರುವ ಉಕ್ಕಿನ ಹಗ್ಗವನ್ನೇ ಆಂಟೆನಾ ಮಾಡಿಕೊಳ್ಳುತ್ತಾರೆ. ಅರ್ತ್‌ಗೆ ಕೆಳಗೆ ಉಪ್ಪುನೀರು ಇದ್ದೇ ಇದೆ, ಅದಕ್ಕಿಂತ ಒಳ್ಳೆಯ ಅರ್ತ್ ಭೂಮಿಯ ಮೇಲಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಕರೆಂಟಿಗೆ ದಾರಿಯನ್ನೇ ಕೊಡುವುದಿಲ್ಲ. ಕೊನೆಗೆ ತಾಮ್ರದ ಸರಳನ್ನು ಬಚ್ಚಲ ನೀರು ಹೋಗುವ ಬಾಳೆಬುಡದಲ್ಲಿ ಹುಗಿದೆವು. ವರ್ಷವಿಡೀ ತೇವ ಇರುವುದು ಅಲ್ಲಿ ಮಾತ್ರ. ಗುಡುಗು ಕೇಳಿದರೆ ಆಂಟೆನಾ ತಂತಿಯನ್ನು ರೇಡಿಯೊದಿಂದ ಕಿತ್ತು ಕಿಟಕಿಯಾಚೆ ಎಸೆಯಬೇಕು ಎಂಬುದು ಭಾವ ಹಾಕಿದ ಕಟ್ಟಳೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಇದನ್ನು ಪಾಲಿಸದೆ ಬೇರೆ ದಾರಿಯೂ ಇಲ್ಲ. ಹೂಮಳೆಯ ಜೊತೆ ಬರುವ ಸಿಡಿಲು ರೇಡಿಯೊವನ್ನೂ ನೋಡುವುದಿಲ್ಲ, ಮನುಷ್ಯನನ್ನೂ ನೋಡುವುದಿಲ್ಲ.

ಮೊದಲು ಗುರಿ ಇಟ್ಟದ್ದು ಆಸ್ಟ್ರೇಲಿಯಾಕ್ಕೆ. ಅಲ್ಲಿನ ಹವಾಮಾನ ಇಲಾಖೆಯ ನಕ್ಷೆಗಳನ್ನು ಆಗ ಎರಡು ಕಡೆಯಿಂದ ಬಿತ್ತರಿಸುತ್ತಿದ್ದರು, ಪೂರ್ವದಲ್ಲಿ ಚಾರ್ಲ್‌ವಿಲ್, ಪಶ್ಚಿಮದಲ್ಲಿ ವಿಲೂನ. ನಮಗೆ ಹತ್ತಿರ ವಿಲೂನ. ಹತ್ತಿರ ಅಂದರೆ ಆರು ಸಾವಿರ ಕಿಲೋಮೀಟರಿಗೂ ಮೇಲೆ, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಅಂಚು. ಹಿಂದೂ ಮಹಾಸಾಗರದ ಹಡಗುಗಳನ್ನು ನೋಡಿಕೊಳ್ಳುತ್ತಿದ್ದದ್ದು ಅದೇ. ಅಲೆಗಳು 5755, 7535, 10555, 15615, 18060 ಕಿಲೋಹರ್ಟ್ಸ್. ಇಷ್ಟೊಂದು ಏಕೆಂದರೆ ಶಾರ್ಟ್‌ವೇವ್ ಹೋಗುವುದು ಆಕಾಶದ ವಿದ್ಯುತ್ ಪದರಕ್ಕೆ ತಾಗಿ, ಅಲ್ಲಿಂದ ನೆಲಕ್ಕೆ, ಮತ್ತೆ ಮೇಲಕ್ಕೆ. ಹಗಲು ಮೇಲಿನ ಅಲೆಗಳು ಚೆನ್ನಾಗಿ ಹಾಯುತ್ತವೆ, ರಾತ್ರಿ ಕೆಳಗಿನವು. 2019 ಸೂರ್ಯನ ಕಲೆಗಳು ತೀರಾ ಕಡಿಮೆಯಿದ್ದ ವರ್ಷ, ಹಾಗಾಗಿ 18060ರಲ್ಲಿ ನಮಗೆ ಬರೀ ಬುಸ್ಸೆನ್ನುವ ಸದ್ದು. ಸಂಜೆ ಕಾಫಿ ಹೊತ್ತಿಗೆ 10555 ಗಟ್ಟಿಯಾಗಿ ಬರುತ್ತಿತ್ತು.

ಪಟ್ಟಿಯಲ್ಲಿ 10555 ಎಂದಿದ್ದರೆ ರೇಡಿಯೊವನ್ನು 10555ಕ್ಕೆ ಇಡಬಾರದು, ಹೊಸಬರು ಗಮನಿಸಬೇಕಾದ ಸಂಗತಿ ಇದು. ಪಟ್ಟಿಯಲ್ಲಿರುವುದು ಕಪ್ಪು ಬಿಳಿ ಎರಡರ ನಡುವಿನ ಬಿಂದು. ಅಪ್ಪರ್ ಸೈಡ್‌ಬ್ಯಾಂಡ್‌ನಲ್ಲಿ ಕೇಳುವಾಗ 1.9 ಕಿಲೋಹರ್ಟ್ಸ್ ಕೆಳಗೆ, ಅಂದರೆ 10553.1ಕ್ಕೆ ಇಟ್ಟರೆ ಸ್ವರಗಳು ಸಾಫ್ಟ್‌ವೇರ್ ಕಾಯುತ್ತಿರುವ ಜಾಗಕ್ಕೆ ಬಂದು ಕೂರುತ್ತವೆ. ನನ್ನ ರೇಡಿಯೊದ ಪರದೆ ಅಷ್ಟು ನಾಜೂಕಾಗಿ ತೋರಿಸುವುದಿಲ್ಲ, 10553ಕ್ಕೆ ಇಟ್ಟು ಪಕ್ಕದ ಸಣ್ಣ ಗುಂಡಿ ತಿರುಗಿಸುತ್ತ ಲ್ಯಾಪ್‌ಟಾಪಿನಲ್ಲಿ ಸ್ವರದ ಗೆರೆಗಳು ಸರಿಯುವುದನ್ನು ನೋಡಿ ಹೊಂದಿಸಬೇಕು. ಪಟ್ಟಿಯಲ್ಲಿರುವ ವೇಳೆಯೆಲ್ಲ ಗ್ರೀನಿಚ್ಚಿನದು, ಐದೂವರೆ ಗಂಟೆ ಸೇರಿಸಿಕೊಳ್ಳಬೇಕು. ಜಗತ್ತಿನ ಎಲ್ಲ ಫ್ಯಾಕ್ಸ್ ಕೇಂದ್ರಗಳ ಪಟ್ಟಿಯನ್ನು ಅಮೆರಿಕದ ಹವಾಮಾನ ಸೇವೆಯವರು ಪುಸ್ತಿಕೆಯಾಗಿ ಪ್ರಕಟಿಸುತ್ತಾರೆ. ನೆಟ್ ಇರುವಾಗಲೇ ಅದನ್ನು ಪ್ರಿಂಟ್ ಮಾಡಿಸಿ ಇಟ್ಟುಕೊಂಡೆ. ಕೇಂದ್ರಗಳು ತಮ್ಮ ವೇಳಾಪಟ್ಟಿಯನ್ನು ಫ್ಯಾಕ್ಸಾಗಿಯೂ ಕಳಿಸುತ್ತವೆ, ಆದರೆ ಅದನ್ನು ಹಿಡಿಯಲು ಅದು ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರಬೇಕು!

ಸದ್ದು ಹೇಗಿರುತ್ತದೆ ಎಂದರೆ, ಪಕ್ಕದ ಕೋಣೆಯಲ್ಲಿ ಯಾರೋ ಈಳಿಗೆ ಮಣೆಯ ಮೇಲೆ ಕೂತು ಒಂದೇ ಲಯದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾರೆ, ಸೆಕೆಂಡಿಗೆ ಎರಡು ಸಲ, ನಿಲ್ಲಿಸದೆ. ನಕ್ಷೆ ಶುರುವಾಗುವ ಮುಂಚೆ ಐದು ಸೆಕೆಂಡು ಗುರುಗುಟ್ಟುವ ಒಂದು ಸಂಕೇತ ಬರುತ್ತದೆ, ಅದನ್ನು ಕೇಳಿ ಸಾಫ್ಟ್‌ವೇರ್ ಎಚ್ಚರಗೊಳ್ಳುತ್ತದೆ. ಆಮೇಲೆ ಅರ್ಧ ನಿಮಿಷ ನಕ್ಷೆಯ ಎಡ ಅಂಚು ಎಲ್ಲಿ ಎಂದು ತಿಳಿಸುವ ಮಿಡಿತ. ಇವು ತಪ್ಪಿಹೋದರೆ ನಕ್ಷೆ ಹಾಳಾಗುವುದಿಲ್ಲ, ಅಂಚು ಮಾತ್ರ ನಡುವೆ ಬಂದು ಕೂರುತ್ತದೆ. ಆಸ್ಟ್ರೇಲಿಯಾದ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ. ಅದನ್ನು ಮೌಸಿನಿಂದ ಸರಿಸಿಕೊಳ್ಳಬಹುದು.

ಮೊದಲ ದಿನಗಳ ನಕ್ಷೆಗಳು ಓರೆಯಾಗಿದ್ದವು. ಮೇಲಿನ ಗೆರೆ ಸರಿಯಾಗಿ ಶುರುವಾಗಿ ಕೆಳಗೆ ಹೋಗುತ್ತಾ ಹೋಗುತ್ತಾ ಇಡೀ ಭೂಖಂಡ ಬಲಕ್ಕೆ ಜಾರುತ್ತಿತ್ತು. ನಮ್ಮೂರಲ್ಲಿ ಜಾರುವುದನ್ನು ನೋಡಿದರೆ ಈಗ ತಮಾಷೆ ಅನಿಸುವುದಿಲ್ಲ. ತಡಕಾಡಿದಾಗ ಕಾರಣ ಸಿಕ್ಕಿತು: ಕಳಿಸುವವರ ಗಡಿಯಾರಕ್ಕೂ ನನ್ನ ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿನ ಗಡಿಯಾರಕ್ಕೂ ಕೂದಲೆಳೆಯ ವ್ಯತ್ಯಾಸ. ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತಪ್ಪಿದ್ದರೂ ಹತ್ತು ನಿಮಿಷದ ನಕ್ಷೆಯ ಕೊನೆಗೆ ಅದು 0.06 ಸೆಕೆಂಡಾಗುತ್ತದೆ. ಗೆರೆಯ ಉದ್ದವೇ ಅರ್ಧ ಸೆಕೆಂಡು, ಹಾಗಾಗಿ ನಕ್ಷೆಯ ಅಗಲದಲ್ಲಿ ಎಂಟನೇ ಒಂದು ಭಾಗ ಸರಿದಿರುತ್ತದೆ. ಸಾಫ್ಟ್‌ವೇರಿನಲ್ಲಿ ಓರೆ ತಿದ್ದುವ ಅಂಕಿಯೊಂದಿದೆ, ಒಮ್ಮೆ ಹೊಂದಿಸಿದರೆ ಅದೇ ಲ್ಯಾಪ್‌ಟಾಪಿಗೆ ಮತ್ತೆ ಮುಟ್ಟಬೇಕಾಗಿಲ್ಲ. ವಿಂಡೋಸ್‌ನವರು ಮೈಕಿಗೆ ತಾವಾಗಿ ಹಚ್ಚುವ ಸದ್ದು ಶುದ್ಧಿಯ ಸವಲತ್ತುಗಳನ್ನೂ ಆರಿಸಬೇಕು. ಮನುಷ್ಯನ ಮಾತಲ್ಲದ್ದೆಲ್ಲ ಗದ್ದಲ ಎಂದು ಅವು ತಿಳಿದಿರುವುದರಿಂದ ನಕ್ಷೆಯನ್ನೇ ಅಳಿಸಿ ಹಾಕುತ್ತವೆ.

ಅಕ್ಷರಗಳ ಅಂಚು ಒಮ್ಮೊಮ್ಮೆ ಎರಡೆರಡಾಗಿ ಕಾಣುವುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಒಂದೇ ಸ್ವರ ಆಕಾಶದಿಂದ ಎರಡು ಸಲ ಪುಟಿದು ಒಂದು ದಾರಿಯಲ್ಲಿ, ಮೂರು ಸಲ ಪುಟಿದು ಇನ್ನೊಂದು ದಾರಿಯಲ್ಲಿ ಬರುತ್ತದೆ. ಎರಡರ ನಡುವೆ ಸೆಕೆಂಡಿನ ಸಾವಿರದ ಒಂದು ಭಾಗ ತಡವಾದರೂ ಪರದೆಯ ಮೇಲೆ ಮೂರ್ನಾಲ್ಕು ಚುಕ್ಕೆಯಷ್ಟು ಪಕ್ಕಕ್ಕೆ ಅದರದೇ ನೆರಳು ಬೀಳುತ್ತದೆ. ಭಾವ ಅದನ್ನು ದೋಷ ಎನ್ನುವುದೇ ಇಲ್ಲ. ಕನ್ನಡಕ ಮೇಲೆ ಮಾಡಿಕೊಂಡು, "ನೋಡಪ್ಪ, ಎರಡು ದಾರೀಲಿ ಬಂದು ಸೇರಿದೆ" ಎಂದು ಖುಷಿಪಡುತ್ತಾರೆ.

ನೆರಳಿಗಿಂತ ದೊಡ್ಡ ಶತ್ರು ನಮ್ಮ ಮನೆಯೇ. ಎಲ್‌ಇಡಿ ಬಲ್ಬು, ಇನ್ವರ್ಟರ್, ಟಿವಿಯ ಪೆಟ್ಟಿಗೆ, ಫೋನ್ ಚಾರ್ಜರ್, ಎಲ್ಲಕ್ಕೂ ಶಾರ್ಟ್‌ವೇವ್‌ನಲ್ಲಿ ತಮ್ಮದೇ ಒಂದು ಗೊಣಗಾಟವಿದೆ. ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದರಂತೂ ನಕ್ಷೆಯ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡಗೆರೆ. ಎಲ್ಲ ಆರಿಸಿ, ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ನಡೆಸಿ, ಮೇನ್ ಸ್ವಿಚ್ ಇಳಿಸಿ ಕೂತರೆ ಮನೆಯವರ ಸಹನೆ ಎಷ್ಟು ಹೊತ್ತು? ಧಾರಾವಾಹಿಯ ವೇಳೆಗೂ ವಿಲೂನದ ವೇಳೆಗೂ ತಿಕ್ಕಾಟವಾದ ಸಂಜೆಗಳಿವೆ. ಅಮ್ಮ ಒಂದು ದಿನ ಪಕ್ಕದಲ್ಲಿ ನಿಂತು ಪೂರ್ತಿ ನಕ್ಷೆ ಇಳಿಯುವುದನ್ನು ನೋಡಿ, "ಇಷ್ಟು ಹೊತ್ತು ಕಿರುಚಿದ್ದು ಆಸ್ಟ್ರೇಲಿಯಾದ ಮಳೆ ಹೇಳೋಕಾ?" ಎಂದು ಕೇಳಿ ಲೈಟು ಹಾಕಿ ಹೋದರು.

ಊರಿಗೆಲ್ಲ ಕರೆಂಟು ಹೋದರೆ ಆ ಗದ್ದಲವೆಲ್ಲ ಒಟ್ಟಿಗೆ ಸಾಯುತ್ತದೆ. 2019ರ ಆಗಸ್ಟ್‌ನಲ್ಲಿ ಆದದ್ದು ಅದೇ. ಆಶ್ಲೇಷ ಮಳೆ ಹಿಡಿದಿತ್ತು. ಕರಡಿಗೋಡಿನಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದ್ದಳು, ವಿರಾಜಪೇಟೆ ಕಡೆ ತೋರದಲ್ಲಿ ಬೆಟ್ಟ ಕುಸಿದಿತ್ತು, ಭಾಗಮಂಡಲದ ರಸ್ತೆಯ ಮೇಲೆ ನೀರು. ನಮ್ಮಲ್ಲಿ ಕರೆಂಟು ಇಲ್ಲ, ನೆಟ್ ಇಲ್ಲ. ರೇಡಿಯೊ ಹಚ್ಚಿದರೆ, ವರ್ಷವಿಡೀ ಕೇಳದಷ್ಟು ನಿಚ್ಚಳವಾಗಿ ವಿಲೂನ ಬಂತು. ಬಂದದ್ದು ಏಷ್ಯಾ ಭಾಗದ ಗಾಳಿಯ ನಕ್ಷೆ. ಬಂಗಾಳ ಕೊಲ್ಲಿಯ ಉತ್ತರ ಮೂಲೆಯಲ್ಲಿ ಗಾಳಿಯ ಗೆರೆಗಳು ಒಂದು ಬಿಂದುವಿನ ಸುತ್ತ ಸುತ್ತಿಕೊಂಡಿದ್ದವು. ಎಡ ಅಂಚಿನಲ್ಲಿ, ನಾವಿರುವ ಕಡೆ, ಪಶ್ಚಿಮದ ಗೆರೆಗಳು ಒತ್ತೊತ್ತಾಗಿ ಅದರ ಕಡೆಗೇ ಹರಿದಿದ್ದವು. ಭಾವನಿಗೆ ತೋರಿಸೋಣವೆಂದರೆ ಫೋನು ಇಲ್ಲ. ನನಗೆ ನಾನೇ ಹೇಳಿಕೊಂಡೆ: ಆ ಸುಳಿ ಒಡಿಶಾ ದಾಟಿ ಒಳನಾಡಿಗೆ ಹೋಗಿ ಸಾಯುವ ತನಕ ಇಲ್ಲಿ ಬಿಡುವುದಿಲ್ಲ.

ಇದು ನನ್ನ ಜ್ಞಾನವಲ್ಲ, ಹವಾಮಾನದವರಿಗೆಲ್ಲ ಗೊತ್ತಿರುವ ಲೆಕ್ಕ. ಒಡಿಶಾ ಬಂಗಾಳದ ಕರಾವಳಿಯಲ್ಲಿ ವಾಯುಭಾರ ಕುಸಿದರೆ ಅರಬ್ಬಿ ಸಮುದ್ರದ ಗಾಳಿ ಇಡೀ ಪರ್ಯಾಯ ದ್ವೀಪ ದಾಟಿ ಅಲ್ಲಿಗೆ ಓಡುತ್ತದೆ, ದಾರಿಯಲ್ಲಿ ಪಶ್ಚಿಮ ಘಟ್ಟಕ್ಕೆ ಹತ್ತುವಾಗ ನೀರನ್ನು ಇಲ್ಲೇ ಚೆಲ್ಲುತ್ತದೆ. 2018ರ ಆಗಸ್ಟ್ ಮಧ್ಯದಲ್ಲೂ ಒಡಿಶಾ ಕರಾವಳಿಯಲ್ಲಿ ಅಂಥದ್ದೇ ಒಂದು ಕುಸಿತವಿತ್ತು. ಆದರೆ ಟಿವಿಯಲ್ಲಿ "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂದು ಕೇಳಿದಾಗ ಅದು ನಮ್ಮದಲ್ಲ, ಒಡಿಶಾದವರ ಕಷ್ಟ ಎಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದು. ಗೆರೆಗಳು ನಮ್ಮ ತಲೆಯ ಮೇಲಿಂದಲೇ ಹಾದು ಹೋಗುವುದನ್ನು ಕಂಡಾಗ ಸಂಬಂಧ ಕಣ್ಣಿಗೆ ಬಿತ್ತು.

ಆ ನಕ್ಷೆಯ ಬಗ್ಗೆ ಇನ್ನೊಂದು ಮಾತು. ಸಮಭಾಜಕದ ಹತ್ತಿರ ಒತ್ತಡದ ವ್ಯತ್ಯಾಸ ತೀರಾ ಸಣ್ಣದು, ಸಮಭಾರ ರೇಖೆ ಎಳೆದರೆ ಎಲ್ಲೋ ಒಂದೆರಡು ಗೆರೆ ಬಿದ್ದೀತು, ಏನೂ ತಿಳಿಯುವುದಿಲ್ಲ. ಅದಕ್ಕೇ ಉಷ್ಣವಲಯಕ್ಕೆ ಒತ್ತಡದ ಬದಲು ಗಾಳಿ ಹರಿಯುವ ದಾರಿಯನ್ನೇ ಗೆರೆಗಳಲ್ಲಿ ಬರೆಯುತ್ತಾರೆ, ನೆಲದ ಗಿಡ ಮರ ಕಟ್ಟಡಗಳ ತಡೆ ತಾಗದ ಎತ್ತರದಲ್ಲಿ, ಸುಮಾರು 3,000 ಅಡಿಯಲ್ಲಿ. ನಮ್ಮ ತೋಟ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಹಡಗಿನವನಿಗೆ ಅದು ತಲೆಯ ಮೇಲೆ ಎಲ್ಲೋ ಇರುವ ಗಾಳಿ. ನಮಗೆ ಅಂಗಳದ ಗಾಳಿ. ಇದನ್ನು ಭಾವನಿಗೆ ಹೇಳಿದಾಗ ಅವರು ನಕ್ಕು, ಇಷ್ಟು ವರ್ಷ ಕಡಲಲ್ಲಿದ್ದೂ ನನಗೆ ಹೊಳೆದಿರಲಿಲ್ಲ ಅಂದರು.

ಹಿಂದೂ ಮಹಾಸಾಗರದ ಒತ್ತಡದ ನಕ್ಷೆ ಬೇರೆಯೇ ಇದೆ. ಅದರಲ್ಲಿ ಭಾರತವೇ ಮುಖ್ಯವಲ್ಲ, ನೋಡಬೇಕಾದದ್ದು ತೀರಾ ಕೆಳಗೆ, ಮಡಗಾಸ್ಕರ್ ದ್ವೀಪದ ಆಗ್ನೇಯಕ್ಕೆ, ದೊಡ್ಡದಾಗಿ ಬರೆದ ಅಧಿಕ ಒತ್ತಡದ ಗುರುತನ್ನು. ಮ್ಯಾಸ್ಕರೀನ್ ಅಧಿಕ ಒತ್ತಡ ಎಂದು ಅದರ ಹೆಸರು. ಅಲ್ಲಿಂದ ಹೊರಟ ಗಾಳಿ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಸಮಭಾಜಕ ದಾಟಿ, ಸೊಮಾಲಿಯಾದ ಬಳಿ ರಭಸ ಪಡೆದು, ಬಲಕ್ಕೆ ತಿರುಗಿ ನೈಋತ್ಯ ಮಾರುತವಾಗಿ ನಮ್ಮಲ್ಲಿಗೆ ಬರುತ್ತದೆ. ಈ ಗಾಳಿಯ ಹೊಳೆಯನ್ನು 1969ರಲ್ಲಿ ವಿವರವಾಗಿ ತೋರಿಸಿದವರು ಬ್ರಿಟಿಷ್ ಹವಾಮಾನ ತಜ್ಞ ಫಿಂಡ್ಲೇಟರ್. ಜೂನ್ ಮೊದಲ ವಾರ ಅಮ್ಮ ಪಂಚಾಂಗ ನೋಡುವ ಹೊತ್ತಿಗೆ ನಾನು ಮಡಗಾಸ್ಕರ್ ನೋಡುತ್ತಿರುತ್ತೇನೆ. ಇಬ್ಬರದೂ ಒಮ್ಮೊಮ್ಮೆ ಸರಿಯಾಗುತ್ತದೆ.

ಟೋಕಿಯೊ ಹಿಡಿದದ್ದು ರಾತ್ರಿ ನಿದ್ದೆ ಬಾರದ ಹೊತ್ತಿನ ಕೆಲಸ. ಜಪಾನಿನ ಹವಾಮಾನ ಇಲಾಖೆಯ ಕೇಂದ್ರದ ಸಂಕೇತ ಜೆಎಂಹೆಚ್, ಅಲೆಗಳು 3622.5, 7795, 13988.5. ಅವರ ನಕ್ಷೆಯ ಗೆರೆ ಎಷ್ಟು ಚೊಕ್ಕ ಎಂದರೆ ಓದಲು ಬಾರದವರೂ ನೋಡುತ್ತ ಕೂರಬಹುದು. ಟೈಫೂನ್ ಎದ್ದ ದಿನ ಅದರ ಮುಂದಿನ ದಾರಿಯನ್ನು ವೃತ್ತಗಳಲ್ಲಿ ತೋರಿಸಿರುತ್ತಾರೆ. ನಮಗೆ ಕೆಲಸಕ್ಕೆ ಬರುವುದು ಅದರಲ್ಲಿ ಇಲ್ಲ, ಅವರ ನಕ್ಷೆ ನಮ್ಮಿಂದ ಪೂರ್ವಕ್ಕೇ ಮುಗಿಯುತ್ತದೆ. ಒಂದು ರಾತ್ರಿ ಬೇರೆ ಅಲೆಯಲ್ಲಿ, ಅರ್ಧ ವೇಗದ ತುರಿತ ಕೇಳಿ ನಿಂತೆ. ನಿಮಿಷಕ್ಕೆ 60 ಗೆರೆಗೆ ಬದಲಿಸಿದರೆ ಜಪಾನಿ ಅಕ್ಷರದ ಒಂದು ಪತ್ರಿಕೆಯ ಪುಟ ಇಳಿಯತೊಡಗಿತು. ದೂರದ ಸಮುದ್ರದಲ್ಲಿರುವ ಜಪಾನಿ ಹಡಗಿನವರು, ಮೀನುಗಾರರು ಓದಲೆಂದು ಕ್ಯೋಡೊ ಸುದ್ದಿಸಂಸ್ಥೆ ಪತ್ರಿಕೆಯನ್ನೇ ಫ್ಯಾಕ್ಸ್ ಮಾಡುತ್ತಿತ್ತು, ಸಿಂಗಾಪುರದಿಂದಲೂ ಅದು ಬಿತ್ತರವಾಗುತ್ತಿತ್ತು. ನಾಪೋಕ್ಲಿಗೆ ಕನ್ನಡ ಪತ್ರಿಕೆ ಬರುವುದೇ ಮಳೆಗಾಲದಲ್ಲಿ ಮಧ್ಯಾಹ್ನ. ಇದು ರಾತ್ರಿಯೇ ಬಂತು, ಓದಲು ಮಾತ್ರ ಬರಲಿಲ್ಲ.

ತೋಟಕ್ಕೆ ಇದರಿಂದ ಏನು ಲಾಭ ಎಂದು ಕೇಳುವವರಿಗೆ ನಾನು 2021ರ ನವೆಂಬರ್ ಹೇಳುತ್ತೇನೆ. ಅರೇಬಿಕಾ ಹಣ್ಣಾಗಿ ಕುಯ್ಲು ಶುರುವಾಗಬೇಕಿದ್ದ ಹೊತ್ತು. ಗದ್ದೆಯಲ್ಲಿ ಭತ್ತ ಬಾಗಿತ್ತು, ಹುತ್ತರಿ ಹತ್ತಿರ ಬರುತ್ತಿತ್ತು. ಮಳೆ ಬಿಡಲೇ ಇಲ್ಲ. ಹಣ್ಣು ಗಿಡದಲ್ಲೇ ಒಡೆದು ಉದುರಿತು. ಕುಯ್ದವರ ಕಣದಲ್ಲಿ ಟಾರ್ಪಾಲಿನಡಿ ಕಾಫಿ ಬೂಸಲು ಹಿಡಿಯಿತು. ಚೆರಿ ಒಣಗಲು ಎರಡು ವಾರದ ಬಿಸಿಲು ಬೇಕು, ನಮಗೆ ಎರಡು ದಿನದ್ದೂ ಸಿಗುತ್ತಿರಲಿಲ್ಲ. ನವೆಂಬರ್ 11ಕ್ಕೆ ಚೆನ್ನೈ ಹತ್ತಿರ ಒಂದು ವಾಯುಭಾರ ಕುಸಿತ ದಡ ಹತ್ತಿತು. ಮರುದಿನಗಳಲ್ಲಿ ಆಕಾಶ ಕೊಂಚ ಬೆಳ್ಳಗಾದಾಗ ಆಳುಗಳನ್ನು ಕರೆಯೋಣವೇ ಎಂಬ ಮಾತು ಎಲ್ಲ ಮನೆಯಲ್ಲೂ ನಡೆಯಿತು. ಆ ಸಂಜೆಗಳ ನಕ್ಷೆಯಲ್ಲಿ ಕೊಲ್ಲಿಯ ಆಗ್ನೇಯಕ್ಕೆ ಇನ್ನೊಂದು ಸುಳಿ ಆಗಲೇ ಸುತ್ತಿಕೊಳ್ಳುತ್ತಿತ್ತು. ನಾನು ಕುಯ್ಲು ಮುಂದೆ ಹಾಕಿ, ಉದುರಿದ್ದನ್ನು ಮಾತ್ರ ಹೆಕ್ಕಿಸಿದೆ. 19ಕ್ಕೆ ಅದೂ ತಮಿಳುನಾಡಿನ ದಡಕ್ಕೆ ಬಂತು, ಮತ್ತೆ ಸುರಿಯಿತು. ಹಾಗೆಂದು ನನಗೆ ನಷ್ಟ ಆಗಲಿಲ್ಲ ಎಂದಲ್ಲ. ಗಿಡದಲ್ಲಿದ್ದದ್ದೂ ಅರ್ಧ ಕೆಳಗೆ ಬಿತ್ತು. ಕಣದಲ್ಲಿ ಕೊಳೆಯುವುದಕ್ಕೆ ಕೂಲಿ ಕೊಡುವುದು ತಪ್ಪಿತು, ಅಷ್ಟೆ.

ಇದೇ ಮಾಹಿತಿ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲೂ ಇತ್ತು, ಇನ್ನೂ ವಿವರವಾಗಿಯೇ ಇತ್ತು. ನಾಳೆ ನಮ್ಮ ಪಂಚಾಯಿತಿಯಲ್ಲಿ ಮಳೆಯಾಗುತ್ತದೆಯೇ ಎಂದು ಕೇಳುವುದಿದ್ದರೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರಕ್ಕೆ ಫೋನ್ ಮಾಡುವುದೇ ಸರಿ. ಸಾವಿರಾರು ಮೈಲಿ ಉದ್ದದ ಸಮುದ್ರವನ್ನು ಒಂದು ಹಾಳೆಗೆ ಇಳಿಸಿದ ನಕ್ಷೆಯಲ್ಲಿ ಕೊಡಗು ಒಂದು ಚುಕ್ಕೆಯೂ ಅಲ್ಲ. ಫ್ಯಾಕ್ಸ್ ನಕ್ಷೆ ನೋಡಿ ಕಣಕ್ಕೆ ಕಾಫಿ ಹರವುವವನಿಗೆ ನನ್ನ ಬೆಂಬಲವಿಲ್ಲ. ಆದರೆ ಹತ್ತು ನಿಮಿಷ ಕೂತು ಗೆರೆಗೆರೆಯಾಗಿ ಇಳಿಯುವುದನ್ನು ಕಾಯುವಾಗ ಮೇಲಿನ ಗೆರೆ ನೋಡಿ ಕೆಳಗೇನಿರಬಹುದು ಎಂದು ಮನಸ್ಸು ಊಹಿಸತೊಡಗುತ್ತದೆ. ಫೋನಿನ ಆ್ಯಪ್‌ನಲ್ಲಿ ಮೋಡದ ಚಿತ್ರ ನೋಡಿ ಜೇಬಿಗೆ ಹಾಕಿಕೊಂಡಾಗ ಹಾಗಾಗುವುದಿಲ್ಲ, ನನಗಂತೂ ಆಗಿಲ್ಲ.

ಉಪಗ್ರಹದಿಂದಲೇ ಮೋಡದ ಚಿತ್ರ ಹಿಡಿಯುವ ದಾರಿಯೂ ಇತ್ತು. ನೋವಾ 15, 18, 19 ಎಂಬ ಅಮೆರಿಕದ ಮೂರು ಉಪಗ್ರಹಗಳು ತಲೆಯ ಮೇಲೆ ಹಾಯುವಾಗ 137 ಮೆಗಾಹರ್ಟ್ಸ್ ಬಳಿ ಚಿತ್ರ ಸುರಿಸುತ್ತಿದ್ದವು, ಅದೂ ನಿಮಿಷಕ್ಕೆ 120 ಗೆರೆಯ ಲೆಕ್ಕದಲ್ಲೇ. ಅರ್ಧ ಮೀಟರು ಚಿಲ್ಲರೆ ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು ಅಗಲಿಸಿ ಕಟ್ಟಿದರೆ ಆಂಟೆನಾ ಆಯಿತು. ಲಕ್ಷದ್ವೀಪದ ಮೇಲಿನ ಮೋಡ ಅಂಗಳಕ್ಕೇ ಬರುತ್ತಿತ್ತು. 2025ರಲ್ಲಿ ಮೂರನ್ನೂ ಒಂದರ ಹಿಂದೆ ಒಂದು ನಿವೃತ್ತಿಗೊಳಿಸಿದರು. ಕಡ್ಡಿಗಳು ಈಗ ಅಮ್ಮನ ತೊಂಡೆ ಬಳ್ಳಿಗೆ ಆಸರೆ.

ಪಕ್ಕದ ತೋಟದ ಬೇಲಿಯ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಆನೆ ಬಾರದಿರಲಿ ಎಂದು ಅವರು ಸೋಲಾರ್ ಬೇಲಿ ಹಾಕಿದ್ದಾರೆ. ಅದರ ಯಂತ್ರ ಹೆಚ್ಚುಕಡಿಮೆ ಸೆಕೆಂಡಿಗೊಂದು ಸಲ ತಂತಿಗೆ ಏಟು ಕೊಡುತ್ತದೆ. ಬೇಲಿ ಚೊಕ್ಕವಾಗಿದ್ದರೆ ರೇಡಿಯೊದಲ್ಲಿ ಅದು ಕೇಳುವುದೇ ಇಲ್ಲ. ಕಾಡು ಬೆಳೆದು ಹುಲ್ಲೋ ಬಳ್ಳಿಯೋ ತಂತಿಗೆ ತಾಗಿದರೆ ಆ ಜಾಗದಲ್ಲಿ ಕಿಡಿ ಹಾರುತ್ತದೆ, ಪ್ರತಿ ಕಿಡಿಗೂ ರೇಡಿಯೊದಲ್ಲಿ ಒಂದು ಟಕ್, ಪ್ರತಿ ಟಕ್‌ಗೂ ನಕ್ಷೆಯಲ್ಲಿ ಒಂದು ಕಪ್ಪು ಚುಕ್ಕೆ. ಗೆರೆ ಅರ್ಧ ಸೆಕೆಂಡಿನದು, ಏಟು ಸೆಕೆಂಡು ಚಿಲ್ಲರೆಯದು, ಎರಡೂ ಸರಿಯಾಗಿ ಹೊಂದುವುದಿಲ್ಲ. ಹಾಗಾಗಿ ಚುಕ್ಕೆಗಳು ಒಂದರ ಕೆಳಗೆ ಒಂದು ಸ್ವಲ್ಪ ಸ್ವಲ್ಪವೇ ಸರಿಯುತ್ತ ಹಿಂದೂ ಮಹಾಸಾಗರವನ್ನು ಓರೆಯಾಗಿ ದಾಟುತ್ತವೆ. ಮೊದಲ ಸಲ ಕಂಡಾಗ ಅದೇನೋ ಹಡಗುಗಳ ಸಾಲಿನ ಗುರುತು ಎಂದೇ ಭಾವ ವಾದಿಸಿದ್ದರು.

ಕಾರಣ ಗೊತ್ತಾದ ದಿನ ಪಕ್ಕದವರಿಗೆ ಫೋನ್ ಮಾಡಿ, "ಅಣ್ಣ, ನಿಮ್ಮ ಬೇಲಿಗೆ ಎಲ್ಲೋ ಕಾಡು ತಾಗಿದೆ" ಎಂದೆ. "ನಿಂಗೆ ಮನೇಲಿ ಕೂತು ಹೇಗೆ ಗೊತ್ತಾಯ್ತು ಮಾರಾಯ?" ಎಂದರು. ಆಸ್ಟ್ರೇಲಿಯಾದ ನಕ್ಷೆಯಲ್ಲಿ ಕಂಡಿತು ಅಂದರೆ ಏನೆಂದುಕೊಂಡಾರು, ರೇಡಿಯೊದಲ್ಲಿ ಕೇಳಿಸಿತು ಅಂದೆ. ಅವರು ಆಳು ಕಳಿಸಿ ನೋಡಿದರೆ ಹೊಳೆ ಬದಿಯ ಮೂಲೆಯಲ್ಲಿ ಬಳ್ಳಿಯೊಂದು ತಂತಿಯನ್ನು ಸುತ್ತಿ ಹಬ್ಬಿತ್ತು. ಕರೆಂಟೆಲ್ಲ ಅಲ್ಲೇ ಸೋರಿ ಅದರಾಚೆಯ ಬೇಲಿಯಲ್ಲಿ ಏಟೇ ಇರಲಿಲ್ಲ. ಆನೆಗೆ ಅದು ಗೊತ್ತಾಗುವ ಮುಂಚೆ ನಮಗೆ ಗೊತ್ತಾಗಿತ್ತು. ಅವರಿಗೆ ಈಗಲೂ ಮ್ಯಾಸ್ಕರೀನ್ ಒತ್ತಡದಲ್ಲಿ ಆಸಕ್ತಿಯಿಲ್ಲ. ಆದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡಿ, "ಇವತ್ತು ಚುಕ್ಕೆ ಬಿದ್ದಿದೆಯಾ?" ಎಂದು ಕೇಳುತ್ತಾರೆ.